ಚೀಲ ಹಾಯುವಷ್ಟು ಹಾದಿ

"ಮ್ಯಾಮ್, ಟ್ರೇಸರ್ ಅಂದ್ರೆ ಎಕ್ಸಾಕ್ಟ್ಲಿ ಏನು ಕೆಲಸ?" ಎಂದು ಸ್ನೇಹಾ ಕೇಳಿದಾಗ ನನ್ನ ಸರ್ವಿಸು ಇನ್ನು ಕೆಲವೇ ತಿಂಗಳು ಉಳಿದಿತ್ತು. ಅವಳು ನಮ್ಮ ನಗರ ಯೋಜನೆಯ ಕಚೇರಿಗೆ ಆಗಷ್ಟೇ ಬಂದ ಎಂಜಿನಿಯರು. ನಾನು ಆ ಹೆಸರಿನ ಹುದ್ದೆಯಲ್ಲಿ ಉಳಿದಿದ್ದ ಕೊನೆಯವಳು. ನಾನು ಎದ್ದ ಮೇಲೆ ಆ ಖುರ್ಚಿಗೆ ಇನ್ನೊಬ್ಬರು ಬರುವುದಿಲ್ಲ ಎಂದು ಆಗಲೇ ತೀರ್ಮಾನವಾಗಿತ್ತು. ಅಂದು ನಕ್ಕು ಸುಮ್ಮನಾದೆ. ಈಗ ಸ್ನೇಹಾಳೇ ಹೊಸಬರಿಗೆ ಕೆಲಸ ಕಲಿಸುತ್ತಾಳೆ. ಮೊನ್ನೆ ಫೋನ್ ಮಾಡಿ, "ನಮ್ಮ ಟ್ರೇನಿಗಳಿಗೆ ನಾಲ್ಕು ಪುಟ ಬರೆದುಕೊಡಿ ಮ್ಯಾಮ್. ರೂಲ್ಸ್ ಬೇಡ, ಅವು ಪುಸ್ತಕದಲ್ಲಿವೆ. ಆ ಚೀಲದ ಕಥೆ ಬರೀರಿ" ಎಂದಳು.

ಹಾಗಾಗಿ ಚೀಲದ ಕಥೆಯನ್ನೇ ಬರೆಯಲು ಕೂತಿದ್ದೇನೆ. ಆದರೆ ಮುದುಕಿ ಹೇಳುವ ಕಥೆ ನೆಟ್ಟಗೆ ಹೋಗುವುದಿಲ್ಲ, ಒಂದೆರಡು ಓಣಿ ಸುತ್ತಿಕೊಂಡೇ ಬರುತ್ತದೆ. ಪ್ಲೀಸ್, ಸ್ವಲ್ಪ ತಾಳ್ಮೆ ಇರಲಿ.

ಟ್ರೇಸರ್ ಅಂದರೆ ಇಷ್ಟೇ. ಒಂದು ನಕ್ಷೆಯ ಮೇಲೆ ಪಾರದರ್ಶಕ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಗಳನ್ನು ಮೇಲೆ ಶಾಯಿಯಲ್ಲಿ ಎಳೆಯುವವರು. ಟ್ರೇಸಿಂಗ್ ಕ್ಲಾತ್ ಎನ್ನುವ ಆ ತಿಳಿನೀಲಿ ಬಟ್ಟೆಗೆ ಗಂಜಿಯ ವಾಸನೆ ಇರುತ್ತಿತ್ತು. ಅದರ ಮೇಲೆ ಒಂದು ಹನಿ ಬೆವರು ಬಿದ್ದರೂ ಅಲ್ಲಿ ಕಲೆ. ಫ್ಯಾನ್ ಹಾಕಿದರೆ ಬಟ್ಟೆ ಹಾರುತ್ತದೆ, ಹಾಕದಿದ್ದರೆ ಬೆವರು ಬೀಳುತ್ತದೆ. ಬೈಲಹೊಂಗಲದ ಏಪ್ರಿಲ್ ತಿಂಗಳಲ್ಲಿ, ಬಾಡಿಗೆ ಮನೆಯ ಮಹಡಿಯಲ್ಲಿದ್ದ ನಮ್ಮ ಶಾಖೆಯಲ್ಲಿ, ಮಣಿಕಟ್ಟಿನ ಕೆಳಗೆ ಕರ್ಚೀಫು ಹಾಸಿಕೊಂಡು ನಾನು ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತಿದ್ದೆ. ತಪ್ಪಾದರೆ ಅರ್ಧ ಬ್ಲೇಡಿನಿಂದ ಮೆಲ್ಲಗೆ ಹೆರೆಯಬೇಕು. ನನಗೆ ಹೆರೆಯುವ ಪ್ರಸಂಗ ಬಹಳ ಬರುತ್ತಿರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಕಸೂತಿ ಕಲಿಸುತ್ತಿದ್ದ ಸಿಸ್ಟರ್, ಬಟ್ಟೆಯ ಹಿಂಬದಿ ತಿರುವಿ ನೋಡಿ ಮಾರ್ಕ್ಸ್ ಕೊಡುತ್ತಿದ್ದರು. ಅಲ್ಲಿ ಬಂದ ನೀಟ್ ಹ್ಯಾಂಡ್ ನನ್ನದು. ಅದರ ಬಗ್ಗೆ ನನಗಿದ್ದ ಸಿಲ್ಲಿ ಪ್ರೈಡ್ ಕೂಡ ಅಲ್ಲಿಯದೇ.

ತೊಂಬತ್ತರ ದಶಕದ ಮೊದಲ ವರ್ಷಗಳವು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ಊರುಗಳ ಬೆಳವಣಿಗೆಯ ಕಾಗದಗಳು ನಮ್ಮಲ್ಲಿಗೆ ಬರುತ್ತಿದ್ದವು. ನಮ್ಮ ಮೇಲಧಿಕಾರಿ ಪಾಟೀಲ ಸಾಹೇಬರು. ಅಳತೆಯ ಸರಪಳಿ ಹಿಡಿಯಲು ಚೈನ್‌ಮನ್ ಅಡಿವೆಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು. ಮೇಡಂ ಎನ್ನದೆ ನನ್ನನ್ನು 'ಬಾಯಾರ' ಎಂದೇ ಕರೆಯುತ್ತಿದ್ದವನು. ನಾನು ಹೊಸ ನಕ್ಷೆ ಮುಗಿಸಿ ಹೆಮ್ಮೆಯಿಂದ ತೋರಿಸಿದರೆ ಅವನು ಬಗ್ಗಿ ನೋಡಿ, "ಚಲೋ ಐತ್ರಿ ಬಾಯಾರ. ಫೋಟೋ ಇದ್ದಂಗ ಐತಿ. ಆದ್ರ ಫೋಟೋದಾಗ ಸತ್ತಾವ್ರೂ ನಗತಿರ್ತಾರ್ರಿ" ಎನ್ನುತ್ತಿದ್ದ.

ನನಗೆ ಮೊದಲ ಪಾಠವಾದದ್ದು ರಾಮದುರ್ಗದಲ್ಲಿ. ನೇಕಾರರ ಒಂದು ಓಣಿಯನ್ನು ಪ್ಯಾಟೆಗೆ ಕೂಡುವ ರಸ್ತೆ ಎಂದು ತೋರಿಸಬೇಕಾಗಿತ್ತು. ಬೆಳಿಗ್ಗೆ ಟೇಪು ಹಿಡಿದು ಹೋದರೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ನೂಲು ಎಳೆದು ಕಟ್ಟಿದ್ದಾರೆ! ಮಗ್ಗಕ್ಕೆ ಏರಿಸುವ ಮುಂಚೆ ಅದಕ್ಕೆ ಗಂಜಿ ಹಚ್ಚಿ ಒಣಗಿಸುವುದು ಬೀದಿಯಲ್ಲೇ. ಕುಂಚ ಹಿಡಿದ ಮುದುಕಿಯೊಬ್ಬಳು, "ದಾಟಬ್ಯಾಡ್ರೆವಾ, ಎಳಿ ಹರದಾವು. ಸುತ್ತ ಹಾಕಿ ಬರ್ರಿ" ಎಂದು ಗದರಿದಳು. ನಾನು ಫೀಲ್ಡ್ ಬುಕ್ಕಿನಲ್ಲಿ 'ಅಬ್‌ಸ್ಟ್ರಕ್ಷನ್' ಎಂದು ಬರೆದುಕೊಂಡೆ. ಪಾಟೀಲ ಸಾಹೇಬರು ಅದನ್ನು ಓದಿ ಕೆಂಪು ಪೆನ್ನಿನಿಂದ ಹೊಡೆದುಹಾಕಿದರು.

"ಬಾಯಾರ, ಅದು ಅಡ್ಡಿ ಅಲ್ರಿ. ಅವ್ರ ಮಗ್ಗ ಅರ್ಧಾ ಮನ್ಯಾಗ ಐತಿ, ಅರ್ಧಾ ಓಣ್ಯಾಗ ಐತಿ. ಅಲ್ಲಿ ಲಾರಿ ಬಿಟ್ರ ನಾಳೆ ಉಡಾಕ ಏನು ಮಾಡ್ತೀರಿ?"

ಹೀಗೆ ಒಂದೊಂದು ಊರಿನ ನಡಿಗೆ ಒಂದೊಂದು ಥರ. ಸವದತ್ತಿಯ ಹಳೆಯ ಊರಿನಲ್ಲಿ ದಾರಿ ತಪ್ಪಿದರೆ ನನಗೆ ಭಯವೇ ಆಗುತ್ತಿರಲಿಲ್ಲ. ಯಾವ ಸಂದಿ ಹಿಡಿದರೂ ಅದು ಕೈಹಿಡಿದು ತಂದು ಪ್ಯಾಟೆಯಲ್ಲಿ ಬಿಡುತ್ತಿತ್ತು. ಅದೇ ಊರಿನ ಹೊಸ ಬಡಾವಣೆಯಲ್ಲಿ ದಾರಿ ತಪ್ಪಿದರೆ ಬಂದ ದಾರಿಯಲ್ಲೇ ವಾಪಸು ಬರಬೇಕು. ಸವದತ್ತಿ ತಾಲೂಕಿನ ಯರಗಟ್ಟಿಯಲ್ಲಿ ಬೆಳಗಾವಿ ರಸ್ತೆಯುದ್ದಕ್ಕೂ ಅಂಗಡಿ ಮೇಲೆ ಅಂಗಡಿ ಬರುತ್ತಿತ್ತು. ಹಿಂಬಾಗಿಲು ತೆಗೆದರೆ ಜೋಳದ ಹೊಲ. ಅಡಿವೆಪ್ಪ ಬಸ್ಸಿನ ಕಿಟಕಿಯಿಂದ ನೋಡಿ, "ಉದ್ದ ಐತಿ, ದಪ್ಪ ಇಲ್ಲ. ಪಡವಲಕಾಯಿ ಊರು" ಎಂದ. ಊರು ಹೀಗೆ ಅಡ್ಡಾದಿಡ್ಡಿ ಹರಡುವ ಸ್ಪ್ರಾಲ್ ಎನ್ನುವುದಕ್ಕೆ ನಿಮ್ಮ ಪುಸ್ತಕದಲ್ಲಿ ಒಂದು ಪುಟದ ಡೆಫಿನಿಷನ್ ಇದೆ. ನನಗೆ ಇವತ್ತಿಗೂ ನೆನಪಾಗುವುದು ಪಡವಲಕಾಯಿಯೇ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಬೈಲಹೊಂಗಲದ ಅಂಚಿನಲ್ಲಿ ಒಬ್ಬ ಸಾವಕಾರರು ತಮ್ಮ ಹೊಲವನ್ನು ಬಿನ್‌ಶೇತ್ಕಿ ಮಾಡಿಸಿದರು. ಅಂದರೆ ಇನ್ನು ಅಲ್ಲಿ ಬಿತ್ತುವುದಿಲ್ಲ, ಮನೆ ಕಟ್ಟಲು ಪ್ಲಾಟು ಮಾಡಿ ಮಾರುತ್ತೇವೆ ಎಂದು ಪರವಾನಗಿ ಪಡೆದರು. ಅದರ ಲೇಔಟ್ ನಕ್ಷೆ ನಮ್ಮಲ್ಲಿಗೆ ಬಂತು. ಆಗ ಇಂಥ ನಕ್ಷೆಗೆ ಬುನಾದಿ ಹಳೆಯ ಗ್ರಾಮನಕ್ಷೆ. ಅದು ಬಟ್ಟೆಗೆ ಅಂಟಿಸಿದ ದಪ್ಪ ಹಾಳೆ. ತಲೆಮಾರುಗಳಿಂದ ಎಂಟು ಮಡಿಕೆ ಮಾಡಿ ಕಪಾಟಿನಲ್ಲಿಟ್ಟು, ಮಡಿಕೆಯ ಗೆರೆಗಳೆಲ್ಲ ಕಪ್ಪಾಗಿ ಬಿರುಕು ಬಿಟ್ಟಿದ್ದವು. ಅಂಥ ನಕ್ಷೆಯಲ್ಲಿ ಹೊಲದ ಗಡಿಗೆ ಅಖಂಡ ಗೆರೆ, ಗಾಡಿದಾರಿಗೆ ತುಂಡು ತುಂಡಾದ ಜೋಡಿ ಗೆರೆ, ಕಾಲುದಾರಿಗೆ ಬರೀ ಚುಕ್ಕೆಗಳು. ಸಾವಕಾರರ ಹೊಲದ ನಡುವೆ ಸರಿಯಾಗಿ ಒಂದು ಮಡಿಕೆ ಹಾದುಹೋಗಿತ್ತು. ಅದರ ಮೇಲೆ ಸಣ್ಣ ಸಣ್ಣ ಕಪ್ಪು ಕಲೆಗಳಿದ್ದವು. ನಾನು ನೋಡಿದೆ. ನೋಡಿ, ಇದು ಮಡಿಕೆಯ ಕೊಳೆ ಎಂದುಕೊಂಡೆ. ನೀಟ್ ಹ್ಯಾಂಡಿನವಳು ಕೊಳೆಯನ್ನು ಟ್ರೇಸ್ ಮಾಡುತ್ತಾಳೆಯೇ?

"ಒಮ್ಮಿ ಜಾಗಾ ನೋಡಿ ಬರೂಣೇನ್ರಿ ಬಾಯಾರ? ನಡದ್ರ ಅರ್ಧಾ ತಾಸು" ಎಂದು ಅಡಿವೆಪ್ಪ ಕೇಳಿದ. ನನ್ನ ಮನೆ ಊರಿನ ಇನ್ನೊಂದು ಬದಿಗೆ. ಆ ಕಡೆ ನಾನು ಕಾಲಿಟ್ಟವಳೇ ಅಲ್ಲ. ಆದರೂ, "ನಕಾಶೆದಾಗ ಎಲ್ಲಾ ಐತಲ್ಲೋ" ಎಂದೆ. ಹೊರಗೆ ಬಿಸಿಲಿತ್ತು. ಅಷ್ಟೇ ಕಾರಣ. ಬೇರೆ ದೊಡ್ಡ ಕಾರಣ ಯಾವುದೂ ಇರಲಿಲ್ಲ.

ನಕ್ಷೆ ಬಹಳ ಚೆಂದ ಬಂತು. ಎರಡು ಸಾಲು ಪ್ಲಾಟು, ನಡುವೆ ಒಂದು ರಸ್ತೆ, ರಸ್ತೆಯ ಕೊನೆಗೆ ಅಡ್ಡವಾಗಿ ಹದಿನೇಳನೇ ಪ್ಲಾಟು. ಒಳಗೆ ಹೋದವರು ಅದೇ ದಾರಿಯಿಂದ ಹೊರಬರಬೇಕು. ಡೆಡ್ ಎಂಡ್. ಪಾಟೀಲ ಸಾಹೇಬರು, "ಏನ್ ನೀಟ್ ಐತ್ರಿ ಬಾಯಾರ!" ಎಂದು ಸಹಿ ಮಾಡಿದರು. ಆ ಮಾತನ್ನು ನಾನು ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದೆ.

ಒಂದೂವರೆ ವರ್ಷವಾದ ಮೇಲೆ ಒಂದು ಮಧ್ಯಾಹ್ನ, ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಬಂದಳು. ಬಲಗೈಗೆ ಪ್ಲಾಸ್ಟರು, ಕೊರಳಿನಿಂದ ಇಳಿಬಿಟ್ಟ ಪಟ್ಟಿ. ತಲೆಯ ಮೇಲೆ ಸೆರಗು. ಬಾಗಿಲಲ್ಲೇ ನಿಂತು, "ಸಾಹೇಬ್ರು ಅದಾರೇನ್ರಿ?" ಎಂದಳು.

"ಇಲ್ರಿ, ಸವದತ್ತಿಗೆ ಹೋಗ್ಯಾರ. ಏನಾಗಬೇಕಿತ್ತು?"

"ನಮ್ಮ ಹಾದಿ ಕಳದೈತ್ರಿ. ಹುಡುಕಿ ಕೊಡ್ತಾರೇನು ಕೇಳಾಕ ಬಂದೇನಿ."

ಅಡಿವೆಪ್ಪ ನಕ್ಕುಬಿಟ್ಟ. "ಹಾದಿ ಹೆಂಗ ಕಳೀತದಬೇ ಯಕ್ಕಾ?"

"ನಗು ತಮ್ಮಾ, ನಗು. ಎಮ್ಮಿ ಕಳಕೊಂಡಾವ್ರು ಪೊಲೀಸ್ರ ಕಡೆ ಹೋಗ್ತಾರ. ನಾ ಹಾದಿ ಕಳಕೊಂಡೇನಿ, ಯಾರ ಕಡೆ ಹೋಗ್ಲಿ ನೀನ ಹೇಳು."

ಅವಳ ಹೆಸರು ಮಾಬೂಬಿ. ಸಾವಕಾರರ ಹೊಲದಾಚೆ ಐದಾರು ಮನೆಗಳ ಚುರಮರಿ ಭಟ್ಟಿಗಳಿದ್ದವು. ಕಾದ ಉಸುಕಿನಲ್ಲಿ ಅಕ್ಕಿ ಹುರಿದು ಚುರಮರಿ ಅರಳಿಸುವ ಭಟ್ಟಿಗೆ ಉರುವಲು ಹೊಟ್ಟು. ಅದರ ಹೊಗೆಯ ಕಾರಣಕ್ಕೇ ಹಿಂದಿನವರು ಭಟ್ಟಿಗಳನ್ನು ಊರ ಹೊರಗೆ ಇಟ್ಟಿದ್ದರು. ಗಂಡಸರು ಹುರಿಯುವುದು, ಹೆಂಗಸರು ಚೀಲ ಹೊತ್ತು ಪ್ಯಾಟೆಗೆ ಹೋಗುವುದು. ಹೊಲದ ನಡುವಿನ ಕಾಲುದಾರಿ ಹಿಡಿದರೆ ಒಂದು ಸಣ್ಣ ನಡಿಗೆ. ಈಗ ಹೊಲದ ಸುತ್ತ ಗೋಡೆ ಎದ್ದಿತ್ತು. ಊರು ಹೊರಗೆ ಬೆಳೆಯುತ್ತ ಬಂದು ಇವರ ಮತ್ತು ಪ್ಯಾಟೆಯ ನಡುವೆಯೇ ಕೂತಿತ್ತು. ಅವರು ಡಾಂಬರು ರಸ್ತೆಗೆ ಹೋಗಿ ದೊಡ್ಡ ಸುತ್ತು ಹಾಕಬೇಕಾಗಿತ್ತು.

"ಸುತ್ತು ಹಾಕೂದು ದೊಡ್ಡದಲ್ರಿ ಬಾಯಾರ. ಕಾಲ ಅದಾವು, ನಡೀತೇವಿ. ಆದ್ರ ಚುರಮರಿ ಚೀಲ ನೋಡಾಕ ಆನಿ, ಎತ್ತಿದ್ರ ಗುಬ್ಬಿ. ಲಾರಿ ಬಾಜೂಕ ಹಾದ್ರ ಸಾಕು, ಅದರ ಗಾಳಿಗೆ ಚೀಲ ಹಾರತೈತಿ. ಚೀಲದ ಹಿಂದ ನಾನೂ ಹಾರೇನಿ, ನೋಡ್ರಿ" ಎಂದು ಪ್ಲಾಸ್ಟರಿನ ಕೈ ತೋರಿಸಿದಳು. "ನಂದು ಮುರದ ಕೈ, ಕೂಡತೈತಿ. ನನ್ನ ಸೊಸಿ ಬಸರಿ ಅದಾಳ್ರಿ. ಈಗ ಚೀಲ ಅಕೀನ ಹೊರತಾಳ. ಅಕಿ ಹೊಂಟ್ರ ತಿರುಗಿ ಬರೂತನಕ ನನ್ನ ಜೀವ ಬಾಯಾಗ ಇರತೈತಿ."

ನಾನು ಖುರ್ಚಿ ಎಳೆದು ಅವಳ ಕಡೆ ಸರಿಸಿದೆ. ಅವಳು ಕೂತು ಮುಂದುವರಿಸಿದಳು.

"ಸಾವಕಾರ್ರನ್ನ ಕೇಳಿದ್ವಿ. ಅವ್ರು ಕಾಗದ ಬಿಚ್ಚಿ ತೋರಿಸಿದ್ರು. ಸರಕಾರಿ ನಕಾಶೆದಾಗ ಹಾದೀನ ಇಲ್ಲ ನೋಡ್ಕೋ ಅಂದ್ರು. ನನಗ ಓದಾಕ ಬರೂದಿಲ್ಲ. ಆದ್ರ ನಮ್ಮತ್ತಿ ಕಾಲದಿಂದ ನಡದ ಹಾದಿ ಕಾಗದದಾಗ ಇಲ್ಲಂದ್ರ, ಇಷ್ಟು ದಿನಾ ನಾವು ಎಲ್ಲಿ ನಡದ್ವಿ?"

ಆ ನಕ್ಷೆ ಎಳೆದ ಕೈ ಅವಳ ಎದುರಿಗೇ ಮೇಜಿನ ಮೇಲಿತ್ತು. ಹೇಳಬೇಕಾಗಿತ್ತು. ಹೇಳಲಿಲ್ಲ. ಹೋಟೆಲಿನಿಂದ ಚಹಾ ತರಿಸಿದೆ. ಒಂದೇ ಕೈಯಲ್ಲಿ ಅವಳಿಗೆ ಬಸಿಗೆ ಸುರಿದುಕೊಳ್ಳಲು ಆಗುವುದಿಲ್ಲವೆಂದು ನಾನೇ ಸುರಿದೆ. ಅರ್ಧ ಬಸಿಯಲ್ಲಿ, ಅರ್ಧ ಮೇಜಿನ ಮೇಲೆ. ಹೋಗುವಾಗ ಅವಳು ಸೆರಗಿನ ಗಂಟು ಬಿಚ್ಚಿ, "ಈಗ ತಗದದ್ದು, ಗರಿಗರಿ ಐತಿ, ತಿನ್ರಿ" ಎಂದು ಒಂದು ಬೊಗಸೆ ಚುರಮರಿ ಇಟ್ಟುಹೋದಳು. ನಾನು ಅದನ್ನು ತಿನ್ನಲಾರದೆ, ಚೆಲ್ಲಲಾರದೆ ಕಾಗದದಲ್ಲಿ ಕಟ್ಟಿ ಡ್ರಾಯರಿನಲ್ಲಿಟ್ಟೆ.

ಅವಳು ಮೆಟ್ಟಿಲಿಳಿದ ಮೇಲೆ ಗ್ರಾಮನಕ್ಷೆಯನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಅಡಿವೆಪ್ಪ ಇನ್ನೊಂದು ತುದಿ ಹಿಡಿದಿದ್ದ. ಮಡಿಕೆಯ ಕೊಳೆ ಎಂದುಕೊಂಡದ್ದು ಸಮಾನ ಅಂತರದಲ್ಲಿ, ಒಂದೇ ಗಾತ್ರದಲ್ಲಿ, ಭಟ್ಟಿಗಳ ಜಾಗದಿಂದ ಹೊರಟು ಊರಿನ ಅಗಸೆಬಾಗಿಲವರೆಗೆ ಸಾಲಾಗಿ ನಡೆದಿತ್ತು. ಕೊಳೆ ಅಷ್ಟು ಶಿಸ್ತಿನಿಂದ ಬೀಳುವುದಿಲ್ಲ. ಯಾವನೋ ಹಳೆಯ ಕಾಲದ ಸರ್ವೆಯವನು ನನಗಿಂತ ನೀಟಾಗಿ ಇಟ್ಟ ಚುಕ್ಕೆಗಳು ಅವು.

"ಹಾದಿ ಸಿಕ್ಕತಲ್ರಿ ಬಾಯಾರ" ಎಂದ ಅಡಿವೆಪ್ಪ, ಮೆಲ್ಲಗೆ. ಅವನು ನನ್ನನ್ನು ಛೇಡಿಸಬಹುದಾಗಿದ್ದ ದಿನ ಅದು. ಅವತ್ತು ಮಾತ್ರ ಛೇಡಿಸಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಭಟ್ಟಿಗೆ ಹೋದೆವು. ಮಾಬೂಬಿಯ ಸೊಸೆ ರಜಿಯಾ ಚೀಲಕ್ಕೆ ಬಾಯಿ ಹೊಲಿಯುತ್ತಿದ್ದಳು. ಎರಡು ಗೋಣಿ ಕೂಡಿಸಿ ಹೊಲಿದ ಚೀಲ. ನಿಲ್ಲಿಸಿದರೆ ನನ್ನ ಭುಜಕ್ಕೆ ಬರುತ್ತಿತ್ತು. ಇವತ್ತು ನಾನು ಹೊರುತ್ತೇನೆ ಎಂದೆ. ಅವಳಿಗೆ ನಗು ತಡೆಯಲಾಗಲಿಲ್ಲ. ನನ್ನ ತಲೆಯ ಮೇಲೆ ಸಿಂಬಿ ಇಟ್ಟು ಚೀಲ ಏರಿಸಿದಳು. ನಿಜಕ್ಕೂ ತಲೆದಿಂಬಿನಷ್ಟೇ ಭಾರ. ವಾಟ್ ಈಸ್ ದೇರ್ ಇನ್ ಇಟ್, ಎಂದುಕೊಂಡೆ. ಡಾಂಬರು ರಸ್ತೆಗೆ ಬಂದದ್ದೇ ತಡ, ಮೊದಲ ಲಾರಿಗೆ ಚೀಲ ನನ್ನನ್ನು ಅರ್ಧ ಸುತ್ತು ತಿರುಗಿಸಿತು. ಎರಡನೆಯದಕ್ಕೆ ಚೀಲ ಗಟಾರದಲ್ಲಿ, ನಾನು ರಸ್ತೆಯ ಅಂಚಿನಲ್ಲಿ ಮೊಣಕಾಲೂರಿ. ಅಡಿವೆಪ್ಪ ಓಡಿಬಂದು ಎಬ್ಬಿಸಿದ. ಬದುವಿನ ಮೇಲಿದ್ದ ರಜಿಯಾ ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಬಾಯಿಯ ಮೇಲೆ ಇಟ್ಟುಕೊಂಡು ನಿಂತಿದ್ದಳು. ಆಗ ಅವಳು ನಗುತ್ತಿರಲಿಲ್ಲ.

ಹರಿದ ಸೀರೆಯಲ್ಲೇ ಕಚೇರಿಗೆ ಹೋಗಿ ಪಾಟೀಲ ಸಾಹೇಬರ ಎದುರು ಎರಡೂ ನಕ್ಷೆ ಹಾಸಿದೆ. ಅವರು ಬಹಳ ಹೊತ್ತು ನೋಡಿ ಕನ್ನಡಕ ತೆಗೆದರು.

"ಹಳೇ ನಕಾಶೆ ಮಸಕಾಗಿತ್ತು ಅಂತ ಬರದ್ರ ನಡೀತೈತ್ರಿ ಬಾಯಾರ. ಯಾರೂ ಕೇಳೂದಿಲ್ಲ."

"ಮಸಕಾಗಿದ್ದಿಲ್ಲ ಸರ್. ನಾನು ನೋಡಲಿಲ್ಲ."

"ಹಂಗಾರ ಹಂಗ ಬರೀರಿ. ಅದರ ಕೆಳಗ ನನ್ನ ಸಹಿನೂ ಐತಿ. ಇಬ್ಬರೂ ಕೂಡೇ ಬೈಸಿಕೊಳ್ಳೂಣು."

ಬೈಸಿಕೊಂಡೆವು. ನನ್ನ ಸರ್ವಿಸ್ ಬುಕ್ಕಿನಲ್ಲಿ ಆ ಮೆಮೊ ಕೊನೆಯ ದಿನದವರೆಗೂ ಇತ್ತು. ಆದರೆ ಮೆಮೊದಿಂದ ಗೋಡೆ ಬೀಳುವುದಿಲ್ಲವಲ್ಲ. ಸಾವಕಾರರನ್ನು ಕರೆಸಿದರೆ ಅವರು ಖುರ್ಚಿಯಲ್ಲಿ ಕೂರುವ ಮೊದಲೇ ಹೇಳಿದರು: "ಸಾಹೇಬ್ರ, ಒಳಗ ಹೊರಗಿನ ಮಂದಿ ಹಾಯೂದಿಲ್ಲ ಅಂತ ಹೇಳೇ ನಾ ಪ್ಲಾಟು ಮಾರೇನಿ. ಡೆಡ್ ಎಂಡಿಗೆ ಗಿರಾಕಿ ಜಾಸ್ತಿ. ಈಗ ಸಂತಿ ಹಾದಿ ಮಾಡ್ರಿ ಅಂದ್ರ ಹೆಂಗ್ರಿ?" ಪಾಟೀಲ ಸಾಹೇಬರು ದನಿ ಏರಿಸುವವರಲ್ಲ. ಸಾವಕಾರರ ಪಕ್ಕದ ಹೊಲದ ಎರಡನೇ ಲೇಔಟ್ ಆಗ ನಮ್ಮಲ್ಲೇ ಪರಿಶೀಲನೆಗೆ ಬಂದಿತ್ತು. ಅದನ್ನು ಬಿಚ್ಚಿ, ಹೊಸ ರಸ್ತೆ ಹಳೆಯ ದಾರಿಗೆ ಕೂಡಲೇಬೇಕೆಂಬ ನಿಯಮವನ್ನು ಬೆರಳಿಟ್ಟು ಓದಿಸಿದರು. ಸಾವಕಾರರು ಹಿಂದಿನ ಗೋಡೆ ಒಡೆಯಲು ಒಪ್ಪಿದರು. "ಆದ್ರ ಹದಿನೇಳನೇ ಪ್ಲಾಟು ನಂದಲ್ಲ. ಮಠಪತಿ ಮಾಸ್ತರು ಮನಿ ಕಟ್ಟಿ ಕಂಪೌಂಡ್ ಹಾಕ್ಯಾರ. ಅವ್ರು ಒಪ್ಪಿದ್ರ ನೋಡ್ರಿ" ಎಂದು ಎದ್ದು ಹೋದರು.

ಮಠಪತಿ ಮಾಸ್ತರು ಮೂವತ್ತು ವರ್ಷ ಹಳ್ಳಿಗಳಲ್ಲಿ ಕಲಿಸಿ, ನಿವೃತ್ತರಾಗಿ, ಈ ಮನೆ ಕಟ್ಟಿದ್ದರು. ನಾನು ಮತ್ತು ಅಡಿವೆಪ್ಪ ಹೋದೆವು. ತಪ್ಪು ನನ್ನದು ಎಂದು ಮೊದಲೇ ಹೇಳಿದೆ. ಮನೆಗೆ ಏನೂ ಆಗುವುದಿಲ್ಲ. ಹೇಗೂ ಮನೆಯ ಬಾಜೂಕ ಜಾಗ ಬಿಡಲೇಬೇಕಲ್ಲ, ಬಿಟ್ಟಿದ್ದೀರಿ. ಕಂಪೌಂಡನ್ನು ಅಷ್ಟು ಒಳಗೆ ಸರಿಸಿದರೆ ಸಾಕು. ಜಾಗ ನಿಮ್ಮದೇ, ಹಾಯುವ ಹಕ್ಕಷ್ಟೇ ಊರಿನದು. ಇಷ್ಟನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಹೇಳಿದೆ.

ಮಾಸ್ತರು ಎದ್ದು ನಿಂತರು. "ಬಾಯಾರ, ಸಾಲಿಯಾಗ ಹುಡುಗ್ರು ತಪ್ಪು ಮಾಡಿದ್ರ ನಾ ಅಳಿಸಿ ಬರಸತಿದ್ದೆ. ನೀವು ನಿಮ್ಮ ತಪ್ಪು ಅಳಸಾಕ ನನ್ನ ಗ್ವಾಡಿ ಕೆಡವ್ತೀರೇನು? ಅಡಗಿ ಮನಿ ಖಿಡಕಿ ಮುಂದ ದಿನಾ ಮಂದಿ ಹಾಯಬೇಕೇನು?"

ಅವರು ಹೇಳಿದ್ದು ಸರಿಯೇ ಇತ್ತು. ಎದ್ದೆವು. ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಹಾಯಲಿ ಬಿಡ್ರಿ" ಎಂದರು.

"ನೀ ಸುಮ್ಮಕಿರು, ನಿನಗ ತಿಳೀದಿಲ್ಲ."

"ನನಗ ತಿಳೀದಿದ್ರ ಮತ್ಯಾರಿಗೆ ತಿಳೀತೈತಿ? ನೀವು ಮುಂಜಾನೆ ಪೇಪರ್ ಓದಾಕ ಅಂತ ಪ್ಯಾಟಿಗೆ ಹೋಗ್ತೀರಿ, ಹೊತ್ತು ಏರಿಸಿ ಬರ್ತೀರಿ. ಹಳೇ ಓಣ್ಯಾಗ ನಾ ಬಾಗಲಾ ತಗದ್ರ ಹತ್ತು ಮಂದಿ ಮಾತಾಡಸತಿದ್ರು. ಇಲ್ಲಿ ಬಂದು ವರ್ಷ ಆತು. ಖಿಡಕ್ಯಾಗಿಂದ ನೋಡಿದ್ರ ಗ್ವಾಡಿ, ಗ್ವಾಡಿ ಮ್ಯಾಲ ಒಂದು ಕಾಗಿ. ಆ ಕಾಗಿ ಕೂಡ ಮಾತಾಡಾಕ ಹತ್ತೇನಿ ನಾನು! ಮಂದಿ ಹಾದ್ರ ಹಾಯಲಿ. ಯಾರರೆ 'ಏನ್ ಅಡಗಿ ಮಾಡಿ?' ಅಂತ ಕೇಳಲಿ."

ಮಾಸ್ತರು ಕಿಟಕಿಯ ಹತ್ತಿರ ಹೋಗಿ ಗೋಡೆಯತ್ತ ನೋಡಿದರು. ಆ ಕಾಗೆಯ ಸುದ್ದಿ ಅವರಿಗೂ ಹೊಸದಿರಬೇಕು. ಹೆಂಡತಿಯ ಮುಖ ನೋಡದೆಯೇ, "ಎಷ್ಟು ಅಗಲ ಬೇಕ್ರಿ?" ಎಂದರು.

ನಾನು ಟೇಪು ತೆಗೆದೆ. ಅಡಿವೆಪ್ಪ ನನ್ನ ಕೈ ಹಿಡಿದು ತಡೆದ. "ಟೇಪು ಬ್ಯಾಡ್ರಿ ಬಾಯಾರ. ಹಾದಿ ಯಾರದೈತಿ ಅವ್ರನ್ನ ಕರೀರಿ. ಚೀಲ ತರಸ್ರಿ."

ಮರುದಿನ ಮಾಬೂಬಿ ಬಂದಳು. ಪ್ಲಾಸ್ಟರು ಬಿಚ್ಚಿದ್ದರು. ತುಂಬಿದ ಚೀಲವನ್ನು ತಲೆಯ ಮೇಲೆ ಅಡ್ಡವಾಗಿ ಇಟ್ಟುಕೊಂಡು, ಎಡಗೈಯಿಂದ ಹಿಡಿದು, ಮನೆಯ ಪಕ್ಕದಲ್ಲಿ ಮುಂದಿನಿಂದ ಹಿಂದಿನವರೆಗೆ ನಡೆದಳು. ಅವಳ ಚೀಲದ ಎರಡೂ ಬದಿಗೆ ಅಡಿವೆಪ್ಪ ಸುಣ್ಣದ ಗೆರೆ ಸುರಿಯುತ್ತ ಹೋದ. ನನ್ನ ಇಡೀ ಸರ್ವಿಸಿನಲ್ಲಿ ಅಷ್ಟು ಡೊಂಕು ಗೆರೆಯನ್ನು ನಾನು ನೋಡಿಲ್ಲ, ಅಷ್ಟು ಸರಿಯಾದದ್ದನ್ನೂ ನೋಡಿಲ್ಲ.

ಮಾಸ್ತರು ಜಗಲಿಯಲ್ಲಿ ನಿಂತು, "ತುಂಬಿದ ಚೀಲನ ತಂದೀಯಲ್ಲಬೇ ಮಾಬೂಬಿ! ಅರ್ಧಾ ತಂದಿದ್ರ ನನಗ ಒಂದ್ ಫೂಟರೆ ಉಳೀತಿತ್ತು" ಎಂದರು.

"ಅರ್ಧಾ ಚೀಲ ಹೊತ್ತು ಪ್ಯಾಟಿಗೆ ಹೋಗಾಕ ನಾ ಏನು ಮಾಸ್ತರೇನ್ರಿ, ಅರ್ಧಾ ದಿನಕ್ಕ ಗಂಟಿ ಹೊಡ್ಯಾಕ?"

ಗಂಗವ್ವ ಕಿಟಕಿಯಲ್ಲಿ ನಿಂತು ಎಷ್ಟು ನಕ್ಕರೆಂದರೆ, ಕೊನೆಗೆ ಮಾಸ್ತರಿಗೂ ನಗು ಬಂತು. ಭಟ್ಟಿಯ ಗಂಡಸರು ಬಂದು ಗೋಡೆ ಕೆಡವಿ, ಅದೇ ಇಟ್ಟಿಗೆಯಿಂದ ಒಳಗೆ ಹೊಸ ಗೋಡೆ ಕಟ್ಟಿಕೊಟ್ಟರು.

ಅವತ್ತು ಸಂಜೆ ಮಾಬೂಬಿಗೆ ಹೇಳಿದೆ. "ಆ ನಕಾಶೆ ತಗದದ್ದು ಸಾಹೇಬ್ರಲ್ರಿ. ನಾನು."

ಅವಳು ಸಿಂಬಿ ಬಿಚ್ಚಿ ಜಾಡಿಸುತ್ತ ಅಂದಳು: "ನನಗ ಅವತ್ತ ಗೊತ್ತಾತ್ರಿ. ಚಾ ಸುರಿಯೂ ಮುಂದ ಅರ್ಧಾ ಮೇಜಿನ ಮ್ಯಾಲ ಚೆಲ್ಲಿದ್ರಿ. ಮಂದೀ ಮುರದ ಕೈ ನೋಡಿ ಯಾರೂ ಅಷ್ಟು ಚೆಲ್ಲೂದಿಲ್ರಿ."

"ಮತ್ತ ಯಾಕ ಬೈಲಿಲ್ಲ?"

"ಬೈದಿದ್ರ ನೀವು ಹುಡುಕತಿದ್ರೇನು?"

ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಕೆಲಸದ ಪದ್ಧತಿಯೇ ಬದಲಾಯಿತು. ಟ್ರೇಸಿಂಗ್ ಕ್ಲಾತ್ ಹೋಗಿ ಹಾಳೆ ಬಂತು, ಹಾಳೆ ಹೋಗಿ ಕಂಪ್ಯೂಟರ್ ಬಂತು. ಪಾಟೀಲ ಸಾಹೇಬರು ನಿವೃತ್ತರಾದರು. ಅಡಿವೆಪ್ಪನ ಸರಪಳಿ ಕಪಾಟಿನ ಕೆಳಗೆ ತುಕ್ಕು ಹಿಡಿಯಿತು. ಅವನೂ ಹೋದ, ಸರಪಳಿಗಿಂತ ಮೊದಲೇ. ಕಿತ್ತೂರಿನ ಬಳಿ ಹೆದ್ದಾರಿ ನಾಲ್ಕು ಸಾಲಿನದಾಯಿತು. ಅಳತೆಗೆ ಹೋದಾಗ ಆಚೆ ಬದಿಯ ರೈತರೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: "ಹುಬ್ಬಳ್ಳಿ ಹತ್ರ ಆತ್ರಿ ಬಾಯಾರ. ನನ್ನ ಹೊಲ ದೂರ ಆತು." ಬೈಲಹೊಂಗಲ ಭಟ್ಟಿಗಳನ್ನೂ ದಾಟಿ ಹೊರಗೆ ಹರಿಯಿತು. ಸಾವಕಾರರ ಎರಡನೇ ಲೇಔಟು, ಅದರಾಚೆ ಬೇರೆಯವರ ಮೂರನೆಯದು, ನಾಲ್ಕನೆಯದು. ಮಧ್ಯೆ ಮಧ್ಯೆ ಬಿತ್ತದ, ಕಟ್ಟದ ಹೊಲಗಳು. ಆಚೆಯವರೆಲ್ಲ ನಡೆದು ಪ್ಯಾಟೆಗೆ ಬರಲು ಇದ್ದ ಹತ್ತಿರದ ದಾರಿ ಮಾಸ್ತರ ಮನೆಯ ಪಕ್ಕದ ಅದೊಂದೇ ಸಂದಿ.

ನನ್ನ ಕೊನೆಯ ವರ್ಷ ಹೊಸ ಮಾಸ್ಟರ್ ಪ್ಲ್ಯಾನಿನ ಕೆಲಸ ಶುರುವಾಗಿತ್ತು. ಸ್ನೇಹಾ ಉಪಗ್ರಹದ ಚಿತ್ರದ ಮೇಲೆ ರಸ್ತೆಗಳನ್ನು ಗುರುತಿಸುತ್ತಿದ್ದಳು. ಎಂಥ ಚುರುಕು ಬೆರಳು! ನನಗೆ ತಿಂಗಳು ಹಿಡಿಯುತ್ತಿದ್ದುದನ್ನು ಅವಳು ಎರಡು ದಿನದಲ್ಲಿ ಮುಗಿಸಿ, ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲಿಟ್ಟಳು. "ಹೇಗಿದೆ ಮ್ಯಾಮ್? ನೀಟ್ ಅಲ್ವಾ?"

ನೀಟಾಗಿಯೇ ಇತ್ತು. ನನ್ನ ಕಣ್ಣು ತಾನಾಗಿ ಹದಿನೇಳನೇ ಪ್ಲಾಟಿಗೆ ಹೋಯಿತು. ಅಲ್ಲಿ ರಸ್ತೆ ಕೊನೆಯಾಗಿತ್ತು. ಡೆಡ್ ಎಂಡ್. ಅದರಾಚೆಯ ರಸ್ತೆಗಳು ಬೇರೆಯೇ ಒಂದು ಊರಿನವು ಎಂಬಂತಿದ್ದವು. ನಡುವೆ ಒಂದು ಹಸಿರು ಗುಡ್ಡೆ.

"ಇದೇನಿದು, ಸ್ನೇಹಾ?"

"ಟ್ರೀ ಕವರ್ ಮ್ಯಾಮ್. ಅಲ್ಲಿ ರೋಡ್ ಇಲ್ಲ. ಆ ಕಡೆಯವರಿಗಾಗಿ ಊರು ಸುತ್ತಿ ಹೊಸ ರಿಂಗ್ ರೋಡ್ ಪ್ರಪೋಸ್ ಮಾಡಿದ್ದೀವಿ. ಈ ಕೊನೆಯ ತುಂಡನ್ನ ಕ್ಲೋಸ್ ಮಾಡಿ ಪಾರ್ಕಿಗೆ ಸೇರಿಸಬಹುದು."

ಒಂದು ಕ್ಷಣ ನಾನು ಆ ಪ್ರಿಂಟನ್ನು ಕಿಟಕಿಗೆ ಹಿಡಿದೆ. ಅಭ್ಯಾಸಬಲ. ಏನೂ ಕಾಣಲಿಲ್ಲ, ಕಂಪ್ಯೂಟರಿನ ಹಾಳೆಗೆ ಮಡಿಕೆ ಇರುವುದಿಲ್ಲ. ಆಗ ಅವಳಿಗೆ ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಸರಿಪಡಿಸುತ್ತಿದ್ದಳು, ಮರೆಯುತ್ತಿದ್ದಳು. "ಚಪ್ಪಲಿ ಹಾಕ್ಕೋ, ಡಿಯರ್. ಪ್ರಿಂಟ್ ತಗೋ. ಅರ್ಧ ತಾಸಿನ ನಡಿಗೆ" ಎಂದೆ.

"ಈಗಲಾ ಮ್ಯಾಮ್? ಬಿಸಿಲು..."

"ಹೌದು, ಬಿಸಿಲಿದೆ."

ಸಂದಿಯ ಬಾಯಿಗೆ ಬಂದಾಗ ಅವಳು ನಿಂತುಬಿಟ್ಟಳು. ಗಂಗವ್ವ ಗೋಡೆಯ ಒಳಗೆ ಹಚ್ಚಿದ್ದ ಬೇವಿನಗಿಡ ಮನೆಗಿಂತ ಎತ್ತರ ಬೆಳೆದು ಸಂದಿಯ ಮೇಲೆ ಚಪ್ಪರ ಹಾಕಿತ್ತು. ಮೇಲಿನಿಂದ ಗುಡ್ಡೆ, ಕೆಳಗಿನಿಂದ ನೆರಳು. ಆ ನೆರಳಿನಲ್ಲಿ ಸಾಲಿ ಮುಗಿಸಿ ಮನೆಗೆ ಹೊರಟ ಹುಡುಗಿಯರು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಬಳೆಗಾರನೊಬ್ಬ, ಕೈಯಲ್ಲಿ ಹಾಲಿನ ಕ್ಯಾನು ಹಿಡಿದವಳೊಬ್ಬಳು, ಗೋಡೆಗೆ ಒರಗಿ ಹರಟುತ್ತಿದ್ದ ಇಬ್ಬರು ಮುದುಕಿಯರು. ಗೋಡೆಯ ಇಟ್ಟಿಗೆಗಳು ತಲೆಯ ಎತ್ತರದಲ್ಲಿ ನುಣ್ಣಗಾಗಿದ್ದವು, ಚೀಲ ತಾಗಿ ತಾಗಿ. ಈಗ ಚುರಮರಿ ಆಟೋದಲ್ಲಿ ಹೋಗುತ್ತದೆ. ರಜಿಯಾಳ ಮಗಳು ಅದೇ ಸಂದಿಯಿಂದ ಕಾಲೇಜಿಗೆ ಹೋಗುತ್ತಾಳೆ. ಹರಟುತ್ತಿದ್ದ ಮುದುಕಿಯರಲ್ಲಿ ಒಬ್ಬಳು ಮಾಬೂಬಿ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿ, "ಬಾಯಾರ? ಮತ್ತ ಹಾದಿ ಕಳೀತೇನ್ರಿ?" ಎಂದಳು.

"ಕಳದಿತ್ತು. ಈ ಹುಡುಗಿ ಹುಡುಕಾಕ ಬಂದಾಳ."

ಸ್ನೇಹಾ ಪ್ರಿಂಟನ್ನು ಗೋಡೆಗೆ ಒತ್ತಿ ಹಿಡಿದು, ಹಸಿರು ಗುಡ್ಡೆಯ ನಡುವೆ ಪೆನ್ಸಿಲಿನಿಂದ ಚುಕ್ಕೆಗಳನ್ನು ಇಡುತ್ತ ಹೋದಳು. ಒಂದು, ಇನ್ನೊಂದು, ಮತ್ತೊಂದು. ಆ ತುದಿಯ ರಸ್ತೆಗೆ ಮುಟ್ಟಿಸಿದಳು. ಆಮೇಲೆ ಬ್ಯಾಗಿನಲ್ಲಿ ಟೇಪು ಹುಡುಕಿದಳು. ಟೇಪು ಕಚೇರಿಯಲ್ಲೇ ಉಳಿದಿತ್ತು. ಎರಡೂ ತೋಳು ಚಾಚಿದಳು; ಎಡಗೈ ಬೆರಳು ಈ ಗೋಡೆಗೆ, ಬಲಗೈ ಬೆರಳು ಆ ಗೋಡೆಗೆ ಇನ್ನೇನು ತಾಗುವಷ್ಟು ಹತ್ತಿರ ಬಂದು ನಿಂತವು.

ಬೇವಿನ ಕೊಂಬೆಯ ಹಿಂದಿನ ಕಿಟಕಿ ತೆರೆಯಿತು. ಮಾಸ್ತರು ತೀರಿಕೊಂಡ ಮೇಲೆ ಗಂಗವ್ವನಿಗೆ ಕಣ್ಣು ಮಂದವಾಗಿತ್ತು, ಬಾಯಿ ಮಂದವಾಗಿರಲಿಲ್ಲ.

"ಯಾರವಾ ಅದು, ನನ್ನ ಹಾದಿ ಅಳಿಯಾಕ ಹತ್ತಾವ್ರು? ಬರೀಗೈಲೆ ಅಳೀತಾರೇನು? ಚೀಲ ಎಲ್ಲೈತಿ?"